ಯು ಇರುವ ಕಲರ್, ಯು ಇಲ್ಲದ ಕಲರ್: ಯಾವುದು ಸರಿ?

ಪ್ರಶ್ನೆ: ನನ್ನ ಕೆಲಸದಲ್ಲಿ ದಿನವೂ ಇಂಗ್ಲಿಷಿನಲ್ಲಿ ವರದಿ, ಪತ್ರ ಬರೆಯಬೇಕು. ಶಾಲೆಯಲ್ಲಿ ಕಲಿತಂತೆ 'ಕಲರ್' ಪದವನ್ನು ಓ-ಯು-ಆರ್ ಎಂದು ಮುಗಿಸಿದರೆ ಕಂಪ್ಯೂಟರ್ ಅದರ ಕೆಳಗೆ ಕೆಂಪು ಗೆರೆ ಎಳೆಯುತ್ತದೆ. 'ಆರ್ಗನೈಸ್' ಪದಕ್ಕೆ ಝಡ್ ಹಾಕಿದರೆ ಅದು ಅಮೆರಿಕನ್ ಸ್ಪೆಲಿಂಗ್ ಎಂದು ಹಿರಿಯ ಸಹೋದ್ಯೋಗಿ ತಿದ್ದುತ್ತಾರೆ. 'ಟ್ರಾವೆಲಿಂಗ್'ನಲ್ಲಿ ಒಂದು ಎಲ್ ಇರಬೇಕೋ ಎರಡೋ, 'ಲೈಸೆನ್ಸ್'ನಲ್ಲಿ ಸಿ ಬರಬೇಕೋ ಎಸ್ ಬರಬೇಕೋ ಎಂದು ಪ್ರತಿಸಲವೂ ಅನುಮಾನ. ಈ ವ್ಯತ್ಯಾಸ ಹುಟ್ಟಿದ್ದು ಹೇಗೆ? ಇದಕ್ಕೆ ನಿಯಮ ಇದೆಯೇ, ಅಥವಾ ಎಲ್ಲವನ್ನೂ ಬಾಯಿಪಾಠ ಮಾಡಬೇಕೇ? ನಾನು ಯಾವುದನ್ನು ಅನುಸರಿಸಲಿ?

ಉತ್ತರ: ಮೊದಲು ಆ ಕೆಂಪು ಗೆರೆಯ ವಿಷಯ ಮುಗಿಸಿಬಿಡೋಣ. ನೀವು ಬರೆದದ್ದು ತಪ್ಪಲ್ಲ. ನಿಮ್ಮ ತಂತ್ರಾಂಶದ ಭಾಷೆ ಅಮೆರಿಕನ್ ಇಂಗ್ಲಿಷ್ ಎಂದು ಹೊಂದಿಕೆಯಾಗಿದೆ, ಅದು ತನ್ನ ಬಳಿ ಇರುವ ನಿಘಂಟಿನಂತೆ ಗೆರೆ ಎಳೆಯುತ್ತಿದೆ. ಭಾಷೆಯ ಆಯ್ಕೆಯನ್ನು ಬ್ರಿಟಿಷ್ ಇಂಗ್ಲಿಷಿಗೆ ಬದಲಿಸಿ ನೋಡಿ, ಆ ಗೆರೆ ಮಾಯವಾಗುತ್ತದೆ. ಆಗ ಯು ಇಲ್ಲದೆ ಬರೆದ ಕಲರ್‌ನ ಕೆಳಗೆ ಗೆರೆ ಬೀಳುತ್ತದೆ. ಇನ್ನು ನಿಮ್ಮ ಸಹೋದ್ಯೋಗಿ ಝಡ್ ಬಗ್ಗೆ ಹೇಳಿದ ಮಾತು ಬಹಳ ಜನ ನಂಬಿರುವ ಮಾತು, ಆದರೆ ನಿಜವಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಾವು ನುಡಿದಂತೆ ಬರೆದು ರೂಢಿಯಾದವರು. ಒಂದು ಪದಕ್ಕೆ ಎರಡು ಕಾಗುಣಿತ ಕಂಡರೆ ಅವುಗಳಲ್ಲಿ ಒಂದು ತಪ್ಪಿರಲೇಬೇಕು ಎಂದು ನಮಗೆ ಅನಿಸುತ್ತದೆ. ಅದರ ಜೊತೆಗೆ, ಬ್ರಿಟಿಷರದು ಮೂಲ ಇಂಗ್ಲಿಷ್, ಅಮೆರಿಕದವರು ಅದನ್ನು ಕತ್ತರಿಸಿ ಕೆಡಿಸಿದರು ಎಂಬ ನಂಬಿಕೆಯೂ ಸೇರಿಕೊಂಡಿದೆ. ಇತಿಹಾಸ ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ. ಇವತ್ತು ಅಮೆರಿಕನ್ ಎನ್ನಿಸಿಕೊಂಡಿರುವ ಸ್ಪೆಲಿಂಗ್‌ಗಳಲ್ಲಿ ಬಹುಪಾಲು ಇಂಗ್ಲೆಂಡಿನಲ್ಲೇ ಬಳಕೆಯಲ್ಲಿದ್ದವು. ಎರಡು ದೇಶಗಳು ಒಂದೇ ರಾಶಿಯಿಂದ ಬೇರೆ ಬೇರೆ ರೂಪಗಳನ್ನು ಆರಿಸಿಕೊಂಡವು. ಈ ಒಂದು ವಿಷಯ ಮನಸ್ಸಿಗೆ ಬಂದರೆ ನಿಮ್ಮ ಅರ್ಧ ಗೊಂದಲ ಕರಗುತ್ತದೆ.

ಹದಿನೇಳನೆಯ ಶತಮಾನದವರೆಗೂ ಇಂಗ್ಲಿಷಿಗೆ ಗಟ್ಟಿಯಾದ ಸ್ಪೆಲಿಂಗ್ ಇರಲೇ ಇಲ್ಲ. 1623ರಲ್ಲಿ ಅಚ್ಚಾದ ಶೇಕ್ಸ್‌ಪಿಯರ್ ನಾಟಕಗಳ ಮೊದಲ ಸಂಪುಟದಲ್ಲಿ 'ಆನರ್' ಪದ ಯು ಇದ್ದೂ ಬರುತ್ತದೆ, ಯು ಇಲ್ಲದೆಯೂ ಬರುತ್ತದೆ. ಯಾರಿಗೂ ಅದು ತೊಂದರೆ ಅನಿಸಿರಲಿಲ್ಲ. ಎರಡು ರೂಪ ಬಂದದ್ದು ಎರಡು ದಾರಿಯಿಂದ. ಲ್ಯಾಟಿನ್‌ನಲ್ಲಿ ಕಲರ್, ಆನರ್, ಲೇಬರ್ ಪದಗಳು ಓ-ಆರ್‌ನಿಂದ ಮುಗಿಯುತ್ತವೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಇದೇ ಪದಗಳು ಫ್ರೆಂಚಿನ ಮೂಲಕ ಯು ಹೊತ್ತುಕೊಂಡು ಬಂದವು. ಲ್ಯಾಟಿನ್ ಓದಿದವರ ಕೈ ಒಂದು ಕಡೆ ಎಳೆಯಿತು, ಫ್ರೆಂಚ್ ರೂಢಿಯವರ ಕೈ ಇನ್ನೊಂದು ಕಡೆ. 'ನೇಬರ್', 'ಹಾರ್ಬರ್' ಪದಗಳಿಗಂತೂ ಲ್ಯಾಟಿನ್ನಿನ ಸಂಬಂಧವೂ ಇಲ್ಲ, ಫ್ರೆಂಚಿನ ಸಂಬಂಧವೂ ಇಲ್ಲ. ಅವು ಹಳೆಯ ಇಂಗ್ಲಿಷಿನ ಸ್ವಂತ ಪದಗಳು. ಉಳಿದವುಗಳ ಜೊತೆ ಸೇರಿ ಅವೂ ಯು ತೊಟ್ಟುಕೊಂಡವು.

ಬ್ರಿಟನ್ನಿನ ಕಡೆ ಈ ಗೊಂದಲಕ್ಕೆ ಒಂದು ಅಂಕೆ ತಂದವರು ಸ್ಯಾಮ್ಯುಯೆಲ್ ಜಾನ್ಸನ್. ಸುಮಾರು 42,000 ಪದಗಳ ಅವರ ನಿಘಂಟು 1755ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅವರು ಫ್ರೆಂಚ್ ದಾರಿಯ ಕಡೆ ವಾಲಿದರು, ಯು ಉಳಿಸಿದರು. ಎಷ್ಟರ ಮಟ್ಟಿಗೆ ಎಂದರೆ 'ಎರರ್', 'ಹಾರರ್', 'ಟೆರರ್', 'ಎಂಪರರ್', 'ಗವರ್ನರ್' ಪದಗಳಿಗೂ ಅವರ ನಿಘಂಟಿನಲ್ಲಿ ಯು ಇದೆ. 'ಮ್ಯೂಸಿಕ್', 'ಪಬ್ಲಿಕ್' ಪದಗಳ ಕೊನೆಯಲ್ಲಿ ಸಿ ಆದ ಮೇಲೆ ಕೆ ಇದೆ. ಇವತ್ತು ಯಾವ ಬ್ರಿಟಿಷ್ ಪತ್ರಿಕೆಯೂ ಹಾಗೆ ಬರೆಯುವುದಿಲ್ಲ. ಅಂದರೆ ಅಕ್ಷರ ಕಡಿಮೆ ಮಾಡುವ ಕೆಲಸವನ್ನು ಬ್ರಿಟಿಷರೂ ಮಾಡಿದರು. ಗವರ್ನರ್, ಎರರ್‌ಗಳಿಂದ ಯು ತೆಗೆದು, ಕಲರ್, ಆನರ್‌ಗಳಲ್ಲಿ ಬಿಟ್ಟರು. ಅಮೆರಿಕದವರು ಅದೇ ಕೆಲಸವನ್ನು ಪೂರ್ತಿ ಮಾಡಿದರು.

ಜಾನ್ಸನ್ ತಮ್ಮ ಆಯ್ಕೆಗಳೆಲ್ಲ ತರ್ಕಬದ್ಧ ಎಂದು ಹೇಳಿಕೊಂಡವರಲ್ಲ. 'ಡಿಸೀಟ್' ಪದಕ್ಕೆ ಪಿ ಇಲ್ಲ, 'ರಿಸೀಟ್' ಪದಕ್ಕೆ ಪಿ ಇದೆ. ಎರಡೂ ಒಂದೇ ಲ್ಯಾಟಿನ್ ಕುಟುಂಬದವು. ಬಹುಜನರು ಹಾಗೆ ಬರೆಯುತ್ತಾರೆ, ಆದ್ದರಿಂದ ನಾನೂ ಬರೆದಿದ್ದೇನೆ ಎಂದು ಅವರು ಮುನ್ನುಡಿಯಲ್ಲೇ ಇಂಥ ಜೋಡಿಗಳನ್ನು ಹೆಸರಿಸಿ ಹೇಳಿದ್ದಾರೆ. ನಿಘಂಟುಕಾರನಿಗೆ ಇರಬೇಕಾದ ಪ್ರಾಮಾಣಿಕತೆ ಅದು.

ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಆಗ ಏನಿತ್ತು ನೋಡಿ. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಸಹಿ ಪ್ರತಿಯಲ್ಲಿ 'ಆನರ್' ಯು ಇಲ್ಲದೆ ಇದೆ, ಅದೇ ಹಾಳೆಯಲ್ಲಿ 'ನೇಬರಿಂಗ್' ಪದದಲ್ಲಿ ಯು ಇದೆ. 1787ರ ಅಮೆರಿಕದ ಸಂವಿಧಾನದ ಪೀಠಿಕೆಯಲ್ಲಿ 'ಡಿಫೆನ್ಸ್' ಪದಕ್ಕೆ ಸಿ ಇದೆ. ಇವತ್ತಿನ ಲೆಕ್ಕದಲ್ಲಿ ಅದು ಅಪ್ಪಟ ಬ್ರಿಟಿಷ್ ಸ್ಪೆಲಿಂಗ್! ದೇಶ ಬೇರೆಯಾದ ಕೂಡಲೇ ಸ್ಪೆಲಿಂಗ್ ಬೇರೆಯಾಗಲಿಲ್ಲ.

ಅದನ್ನು ಬೇರೆ ಮಾಡಲು ಹಟ ಹಿಡಿದು ಕೂತವರು ನೋವಾ ವೆಬ್‌ಸ್ಟರ್. 1758ರಲ್ಲಿ ಕನೆಕ್ಟಿಕಟ್‌ನಲ್ಲಿ ಹುಟ್ಟಿದ ಈ ಶಾಲಾ ಮೇಷ್ಟ್ರು 1783ರಲ್ಲಿ ಮಕ್ಕಳಿಗಾಗಿ ಒಂದು ಸ್ಪೆಲಿಂಗ್ ಪುಸ್ತಕ ಬರೆದರು. ನೀಲಿ ಹೊದಿಕೆಯ ಆ ಪುಸ್ತಕ ಮುಂದೆ ಕೋಟಿಗಟ್ಟಲೆ ಪ್ರತಿ ಮಾರಾಟವಾಯಿತು. ಕುತೂಹಲದ ಸಂಗತಿ ಎಂದರೆ, ಅದರಲ್ಲಿ ಅವರು ಜಾನ್ಸನ್ನರ ಸ್ಪೆಲಿಂಗನ್ನೇ ಅನುಸರಿಸಿದ್ದರು. ಆರು ವರ್ಷದಲ್ಲಿ ಅವರ ಅಭಿಪ್ರಾಯ ತಲೆಕೆಳಗಾಯಿತು. 1789ರ ಪ್ರಬಂಧದಲ್ಲಿ ಅವರು ಅಮೆರಿಕಕ್ಕೆ ತನ್ನದೇ ಸ್ಪೆಲಿಂಗ್ ಬೇಕು ಎಂದು ವಾದಿಸಿದರು. ಕಾರಣಗಳಲ್ಲಿ ದೇಶಾಭಿಮಾನ ಒಂದು. ಮಕ್ಕಳಿಗೆ ಕಲಿಯುವುದು ಸುಲಭವಾಗುತ್ತದೆ ಎಂಬುದು ಇನ್ನೊಂದು. ವ್ಯವಹಾರದ ಲೆಕ್ಕವೂ ಇತ್ತು. ಉಚ್ಚಾರವಿಲ್ಲದ ಅಕ್ಷರಗಳನ್ನು ಕೈಬಿಟ್ಟರೆ ಹದಿನೆಂಟು ಪುಟಕ್ಕೆ ಒಂದು ಪುಟ ಉಳಿಯುತ್ತದೆ, ಸ್ಪೆಲಿಂಗ್ ಬೇರೆಯಾದರೆ ಪುಸ್ತಕಗಳನ್ನು ಅಮೆರಿಕದಲ್ಲೇ ಅಚ್ಚು ಹಾಕಬೇಕಾಗುತ್ತದೆ ಎಂದು ಅವರು ಬರೆದರು. ಇವರಿಗೂ ಮೊದಲು, 1768ರಲ್ಲಿ, ಬೆಂಜಮಿನ್ ಫ್ರಾಂಕ್ಲಿನ್ ಆರು ಅಕ್ಷರಗಳನ್ನು ತೆಗೆದು ಆರು ಹೊಸ ಅಕ್ಷರಗಳನ್ನು ಸೇರಿಸಿದ ಒಂದು ವರ್ಣಮಾಲೆಯನ್ನೇ ರೂಪಿಸಿದ್ದರು. ವೆಬ್‌ಸ್ಟರ್ ಅಷ್ಟು ದೂರ ಹೋಗಲಿಲ್ಲ.

ವೆಬ್‌ಸ್ಟರ್ ನಿಘಂಟುಗಳು 1806ರಲ್ಲಿ ಮತ್ತು 1828ರಲ್ಲಿ ಬಂದವು. ಎರಡನೆಯದರಲ್ಲಿ 70,000 ನಮೂದುಗಳು. ಆಗ ಅವರಿಗೆ ವಯಸ್ಸು ಎಪ್ಪತ್ತರ ಹತ್ತಿರ. ಕಲರ್, ಆನರ್‌ಗಳಲ್ಲಿ ಯು ಹೋಯಿತು, ಸೆಂಟರ್ ಪದದ ಕೊನೆ ಇ-ಆರ್ ಆಯಿತು, ಡಿಫೆನ್ಸ್‌ಗೆ ಎಸ್ ಬಂತು. ಇವು ನಿಂತವು. ಆದರೆ ಅದೇ ವೆಬ್‌ಸ್ಟರ್ 'ಟಂಗ್' ಪದವನ್ನು ಟಿ-ಯು-ಎನ್-ಜಿ ಎಂದೂ 'ವಿಮೆನ್' ಪದವನ್ನು ಡಬ್ಲ್ಯು-ಐ-ಎಂ-ಎಂ-ಇ-ಎನ್ ಎಂದೂ ಬರೆಯಲು ಹೇಳಿದರು. ಉಚ್ಚಾರಕ್ಕೆ ಅವೇ ಹತ್ತಿರ. ಆದರೂ ಜನ ಒಪ್ಪಲಿಲ್ಲ. ಯಾಕೆ? ನನ್ನ ಓದಿನ ಪ್ರಕಾರ ಕಾರಣ ಸರಳ. ಯು ಇಲ್ಲದ ಕಲರ್ ಓದುಗರ ಕಣ್ಣಿಗೆ ಆಗಲೇ ಪರಿಚಯವಿತ್ತು, ಎರಡರಲ್ಲಿ ಒಂದನ್ನು ಆರಿಸುವುದಷ್ಟೇ ಉಳಿದಿತ್ತು. ಟಂಗ್‌ನ ಹೊಸ ರೂಪ ಕಣ್ಣಿಗೆ ಒರಟಾಗಿ ಕಂಡಿತು. ಅಧಿಕಾರ ಬಳಸಿದರೂ ಇದು ಬದಲಾಗಲಿಲ್ಲ. 1906ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 300 ಪದಗಳ ಸರಳ ಸ್ಪೆಲಿಂಗ್ ಪಟ್ಟಿಯನ್ನು ಸರ್ಕಾರಿ ಮುದ್ರಣಾಲಯ ಬಳಸಬೇಕೆಂದು ಆದೇಶಿಸಿದರು. 'ಥ್ರೂ' ಪದಕ್ಕೆ ಟಿ-ಎಚ್-ಆರ್-ಯು ಸಾಕು ಎಂಬಂಥ ಪಟ್ಟಿ ಅದು. ಸಂಸತ್ತು ವಿರೋಧಿಸಿತು, ಅದೇ ವರ್ಷದ ಕೊನೆಗೆ ಆದೇಶ ಮುಗಿದುಹೋಯಿತು. ಶಿಕಾಗೊ ಟ್ರಿಬ್ಯೂನ್ ಪತ್ರಿಕೆ 1934ರಿಂದ ತನ್ನದೇ ಸರಳ ಸ್ಪೆಲಿಂಗ್ ಬಳಸಿ ನೋಡಿತು. 1975ರಲ್ಲಿ ಅದೂ ಕೈಬಿಟ್ಟಿತು.

ಇನ್ನು ನಿಯಮಗಳಿಗೆ ಬರೋಣ. ಎಲ್ಲವನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ನಾಲ್ಕೈದು ಕಡೆ ಮಾತ್ರ ಗಮನ ಬೇಕು.

ಯು ವಿಷಯದಲ್ಲಿ ಅಮೆರಿಕನ್ ಪದ್ಧತಿ ಸುಲಭ. ಕಲರ್, ಫೇವರ್, ಲೇಬರ್, ಬಿಹೇವಿಯರ್, ನೇಬರ್ ಎಲ್ಲಕ್ಕೂ ಓ-ಆರ್. 'ಗ್ಲಾಮರ್' ಮಾತ್ರ ಅಲ್ಲಿಯೂ ಸಾಮಾನ್ಯವಾಗಿ ಯು ಇಟ್ಟುಕೊಂಡಿದೆ. ಅದು 'ಗ್ರಾಮರ್' ಪದ ಸ್ಕಾಟ್ಲೆಂಡಿನಲ್ಲಿ ತಿರುಚಿಕೊಂಡು ಹುಟ್ಟಿದ್ದು, ಲ್ಯಾಟಿನ್ ಗುಂಪಿಗೆ ನೇರವಾಗಿ ಸೇರಿದ್ದಲ್ಲ. ಎಚ್ಚರ ಬೇಕಾದದ್ದು ಬ್ರಿಟಿಷ್ ಪದ್ಧತಿಯಲ್ಲಿ. ಬ್ರಿಟಿಷ್ ಸ್ಪೆಲಿಂಗ್ ಬರೆಯುತ್ತೇನೆಂದು ಹೊರಟವರು ಕಂಡಕಂಡಲ್ಲಿ ಯು ಸೇರಿಸುವುದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. 'ಹ್ಯೂಮರ್'ಗೆ ಯು ಉಂಟು, 'ಹ್ಯೂಮರಸ್'ಗೆ ಇಲ್ಲ. 'ಗ್ಲಾಮರ್'ಗೆ ಉಂಟು, 'ಗ್ಲಾಮರಸ್'ಗೆ ಇಲ್ಲ. 'ಆನರ್'ಗೆ ಉಂಟು, 'ಆನರರಿ'ಗೆ ಇಲ್ಲ, ಆದರೆ 'ಆನರಬಲ್'ಗೆ ಉಂಟು. 'ವಿಗರ್'ಗೆ ಉಂಟು, 'ವಿಗರಸ್'ಗೆ ಇಲ್ಲ. 'ಲೇಬರ್'ಗೆ ಉಂಟು, 'ಲಬೋರಿಯಸ್'ಗೆ ಇಲ್ಲ. ಇದರ ಹಿಂದಿನ ಸೂತ್ರ ಇಷ್ಟೆ: ಪದಕ್ಕೆ ಲ್ಯಾಟಿನ್ ಪ್ರತ್ಯಯಗಳಾದ 'ಅಸ್', 'ಅರಿ', 'ಏಟ್' ಸೇರಿದಾಗ ಯು ಬಿದ್ದುಹೋಗುತ್ತದೆ. ಇಂಗ್ಲಿಷಿನವೇ ಆದ 'ಫುಲ್', 'ಲೆಸ್', 'ಹುಡ್', ಇಂಗ್ಲಿಷಿನಲ್ಲಿ ಒಗ್ಗಿಹೋದ 'ಏಬಲ್' ಸೇರಿದಾಗ ಯು ಉಳಿಯುತ್ತದೆ. ಹಾಗಾಗಿ 'ಕಲರ್‌ಫುಲ್', 'ನೇಬರ್‌ಹುಡ್', 'ಫೇವರಬಲ್' ಬ್ರಿಟಿಷ್ ಬರವಣಿಗೆಯಲ್ಲಿ ಯು ಇಟ್ಟುಕೊಳ್ಳುತ್ತವೆ. ಡಾಕ್ಟರ್, ಆಕ್ಟರ್, ಆಥರ್, ಮಿರರ್ ಪದಗಳಿಗೆ ಎರಡೂ ದೇಶದಲ್ಲಿ ಯು ಇಲ್ಲ.

ಸೆಂಟರ್, ಥಿಯೇಟರ್, ಲೀಟರ್, ಫೈಬರ್ ಪದಗಳು ಬ್ರಿಟಿಷ್ ಬರವಣಿಗೆಯಲ್ಲಿ ಆರ್-ಇ ಎಂದು, ಅಮೆರಿಕನ್ ಬರವಣಿಗೆಯಲ್ಲಿ ಇ-ಆರ್ ಎಂದು ಮುಗಿಯುತ್ತವೆ. ಹಾಗಾದರೆ ಅಮೆರಿಕದಲ್ಲಿ 'ಏಕರ್' ಪದ ಯಾಕೆ ಎ-ಸಿ-ಆರ್-ಇ ಆಗಿಯೇ ಉಳಿಯಿತು? ಸಿ ಆದ ಮೇಲೆ ಇ ಬಂದರೆ ಇಂಗ್ಲಿಷಿನಲ್ಲಿ ಸಿ ಅಕ್ಷರ ಸಕಾರವಾಗುತ್ತದೆ, ಏಕರ್ ಹೋಗಿ 'ಏಸರ್' ಆದೀತು. 'ಮ್ಯಾಸಕರ್', 'ಮೀಡಿಯೋಕರ್' ಪದಗಳಿಗೂ ಇದೇ ರಕ್ಷಣೆ. 'ಓಗರ್' ಪದದಲ್ಲಿ ಜಿ ಅಕ್ಷರಕ್ಕೂ ಇದೇ ಕಾರಣ. ಬ್ರಿಟಿಷ್ ಪದ್ಧತಿಯಲ್ಲಿ ಒಂದು ಉಪಯುಕ್ತ ಭೇದವಿದೆ. ಅಳತೆಯ ಮಾನವಾದ ಮೀಟರ್ ಆರ್-ಇ, ಅಳೆಯುವ ಉಪಕರಣವಾದ ಮೀಟರ್ ಇ-ಆರ್. ಆದ್ದರಿಂದ ಥರ್ಮಾಮೀಟರ್ ಎರಡೂ ಕಡೆ ಇ-ಆರ್. ಅಮೆರಿಕದಲ್ಲಿ ಈ ಭೇದವಿಲ್ಲ.

ಈಗ ನಿಮ್ಮ ಸಹೋದ್ಯೋಗಿಯ ಝಡ್. ಆರ್ಗನೈಸ್, ರಿಯಲೈಸ್, ರೆಕಗ್ನೈಸ್‌ಗಳ ಕೊನೆಯಲ್ಲಿ ಬರುವ ಪ್ರತ್ಯಯದ ಮೂಲ ಗ್ರೀಕ್. ಅಲ್ಲಿ ಅದು ಝಡ್ ಅಕ್ಷರವೇ. ಲ್ಯಾಟಿನ್ ಅದನ್ನು ಹಾಗೇ ತೆಗೆದುಕೊಂಡಿತು, ಫ್ರೆಂಚ್ ಅದನ್ನು ಎಸ್ ಮಾಡಿತು. 1884ರಲ್ಲಿ ಮೊದಲ ಭಾಗ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಗ್ರೀಕ್ ಮೂಲವನ್ನು ಗೌರವಿಸಿ ಝಡ್ ಆರಿಸಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಇವತ್ತಿಗೂ ಝಡ್ ಬಳಸುತ್ತದೆ. ಅದಕ್ಕಿಂತ ಬ್ರಿಟಿಷ್ ಸಂಸ್ಥೆ ಬೇಕೇ? ಬ್ರಿಟನ್ನಿನ ಪತ್ರಿಕೆಗಳು, ಸರ್ಕಾರ, ಶಾಲೆಗಳಲ್ಲಿ ಎಸ್ ಹೆಚ್ಚು ಬಳಕೆಯಲ್ಲಿದೆ ಎಂಬುದು ನಿಜ. ಅಮೆರಿಕದಲ್ಲಿ ಝಡ್ ಮಾತ್ರ ನಡೆಯುತ್ತದೆ ಎಂಬುದೂ ನಿಜ. ಆದರೆ ಝಡ್ ಹಾಕಿದ ಮಾತ್ರಕ್ಕೆ ಅದು ಬ್ರಿಟಿಷ್ ಅಲ್ಲ ಎನ್ನುವಂತಿಲ್ಲ. ವಿಶ್ವಸಂಸ್ಥೆ ಬ್ರಿಟಿಷ್ ಸ್ಪೆಲಿಂಗನ್ನು ಝಡ್ ಸಹಿತ ಬಳಸುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಇಂಗ್ಲಿಷ್ ಹೆಸರನ್ನು ನೋಡಿ: 'ಲೇಬರ್' ಪದದಲ್ಲಿ ಯು ಇದೆ, 'ಆರ್ಗನೈಸೇಷನ್' ಪದದಲ್ಲಿ ಝಡ್ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲೂ ಝಡ್.

ಝಡ್ ಆರಿಸಿಕೊಂಡವರಿಗೆ ಒಂದು ಎಚ್ಚರಿಕೆ. 'ಐಸ್' ಎಂದು ಕೇಳಿಸುವ ಪದಗಳಿಗೆಲ್ಲ ಝಡ್ ಬರುವುದಿಲ್ಲ. ಅಡ್ವೈಸ್, ಸರ್ಪ್ರೈಸ್, ಎಕ್ಸರ್ಸೈಸ್, ಕಾಂಪ್ರಮೈಸ್, ಸೂಪರ್‌ವೈಸ್, ರಿವೈಸ್, ಅಡ್ವರ್ಟೈಸ್ ಪದಗಳಿಗೆ ಎರಡೂ ದೇಶದಲ್ಲಿ ಎಸ್ ಮಾತ್ರ. ಇವುಗಳಲ್ಲಿರುವುದು ಆ ಗ್ರೀಕ್ ಪ್ರತ್ಯಯವಲ್ಲ. ಉದಾಹರಣೆಗೆ ಸೂಪರ್‌ವೈಸ್, ರಿವೈಸ್‌ಗಳಲ್ಲಿ ಇರುವುದು 'ನೋಡು' ಎಂಬ ಅರ್ಥದ ಲ್ಯಾಟಿನ್ ಧಾತು. 'ಅನಲೈಸ್', 'ಪ್ಯಾರಲೈಸ್' ಕಥೆ ಮತ್ತೂ ಬೇರೆ. ಅವುಗಳ ಗ್ರೀಕ್ ಮೂಲದಲ್ಲೇ ಸಕಾರವಿದೆ, ಅನಾಲಿಸಿಸ್ ಪದದಲ್ಲಿ ಅದು ಕೇಳಿಸುತ್ತದೆ. ಆದ್ದರಿಂದ ಆಕ್ಸ್‌ಫರ್ಡ್ ಕೂಡ ಅಲ್ಲಿ ಎಸ್ ಬರೆಯುತ್ತದೆ. ಅಮೆರಿಕದಲ್ಲಿ ವೈ-ಝಡ್-ಇ. ಆರ್ಗನೈಸ್‌ನಲ್ಲಿ ಮೂಲಕ್ಕೆ ಹತ್ತಿರ ಇರುವವರು ಅಮೆರಿಕದವರು, ಅನಲೈಸ್‌ನಲ್ಲಿ ಬ್ರಿಟಿಷರು. ಯಾವ ಕಡೆಯವರೂ ಎಲ್ಲದರಲ್ಲೂ ಶುದ್ಧರಲ್ಲ.

ಟ್ರಾವೆಲಿಂಗ್‌ನ ಎಲ್ ಪ್ರಶ್ನೆಗೆ ಉತ್ತರ ಪದದ ಒತ್ತಿನಲ್ಲಿದೆ. ಇಂಗ್ಲಿಷಿನಲ್ಲಿ ಎರಡು ಉಚ್ಚಾರಾಂಶದ ಕ್ರಿಯಾಪದ ಒಂದೇ ಸ್ವರಾಕ್ಷರ, ಒಂದೇ ವ್ಯಂಜನದಿಂದ ಮುಗಿದು, ಕೊನೆಯ ಭಾಗದ ಮೇಲೆ ಒತ್ತು ಬಿದ್ದರೆ, 'ಇಂಗ್' ಅಥವಾ 'ಎಡ್' ಸೇರಿಸುವಾಗ ಕೊನೆಯ ವ್ಯಂಜನ ದ್ವಿತ್ವವಾಗುತ್ತದೆ. 'ರೆಫರ್' ಪದದಲ್ಲಿ ಒತ್ತು ಕೊನೆಗಿದೆ, ಆದ್ದರಿಂದ 'ರೆಫರ್ಡ್'ನಲ್ಲಿ ಎರಡು ಆರ್. 'ಆಫರ್'ನಲ್ಲಿ ಒತ್ತು ಮೊದಲಿಗಿದೆ, ಆದ್ದರಿಂದ 'ಆಫರ್ಡ್'ನಲ್ಲಿ ಒಂದೇ ಆರ್. ಇದು ಎರಡೂ ದೇಶಕ್ಕೆ ಸಮಾನ. ಎಲ್ ಅಕ್ಷರದ ವಿಷಯದಲ್ಲಿ ಮಾತ್ರ ಬ್ರಿಟಿಷರು ಒತ್ತನ್ನು ಲೆಕ್ಕಿಸುವುದಿಲ್ಲ, ಸಾಮಾನ್ಯವಾಗಿ ಎರಡು ಬರೆಯುತ್ತಾರೆ. ಅಮೆರಿಕದವರು ಅಲ್ಲಿಯೂ ನಿಯಮ ಪಾಲಿಸುತ್ತಾರೆ. 'ಟ್ರಾವೆಲ್', 'ಕ್ಯಾನ್ಸಲ್', 'ಮಾಡೆಲ್' ಪದಗಳ ಒತ್ತು ಮೊದಲ ಭಾಗದಲ್ಲಿದೆ. ಹಾಗಾಗಿ ಟ್ರಾವೆಲಿಂಗ್‌ಗೆ ಬ್ರಿಟನ್ನಿನಲ್ಲಿ ಎರಡು ಎಲ್, ಅಮೆರಿಕದಲ್ಲಿ ಒಂದು. 'ಕಂಟ್ರೋಲ್', 'ಕಂಪೆಲ್' ಪದಗಳ ಒತ್ತು ಕೊನೆಯಲ್ಲಿದೆ, ಅವುಗಳಿಗೆ ಎರಡೂ ಕಡೆ ಎರಡು ಎಲ್. 'ಕ್ಯಾನ್ಸಲೇಷನ್' ಪದಕ್ಕೆ ಅಮೆರಿಕದಲ್ಲೂ ಎರಡು. ಇಷ್ಟೆಲ್ಲ ಆದ ಮೇಲೆ ಒಂದು ಸಣ್ಣ ಗುಂಪಿನಲ್ಲಿ ಲೆಕ್ಕ ಉಲ್ಟಾ ಆಗುತ್ತದೆ. ಫುಲ್‌ಫಿಲ್, ಎನ್‌ರೋಲ್, ಸ್ಕಿಲ್‌ಫುಲ್, ಇನ್‌ಸ್ಟಾಲ್ಮೆಂಟ್ ಪದಗಳಲ್ಲಿ ಅಮೆರಿಕದವರು 'ಫಿಲ್', 'ರೋಲ್', 'ಸ್ಕಿಲ್', 'ಇನ್‌ಸ್ಟಾಲ್'ಗಳ ಎರಡು ಎಲ್ ಉಳಿಸಿಕೊಳ್ಳುತ್ತಾರೆ, ಬ್ರಿಟಿಷರು ಒಂದನ್ನು ಬಿಡುತ್ತಾರೆ. ಇದನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು.

ಲೈಸೆನ್ಸ್, ಪ್ರಾಕ್ಟೀಸ್ ಪದಗಳಿಗೆ ಬ್ರಿಟಿಷ್ ನಿಯಮ ಹೀಗಿದೆ: ನಾಮಪದವಾದರೆ ಸಿ, ಕ್ರಿಯಾಪದವಾದರೆ ಎಸ್. ಮರೆತರೆ 'ಅಡ್ವೈಸ್' ಜೋಡಿಯನ್ನು ನೆನೆಯಿರಿ. ಅಲ್ಲಿ ಸಲಹೆ ಎಂಬ ನಾಮಪದಕ್ಕೆ ಸಿ, ಸಲಹೆ ಕೊಡು ಎಂಬ ಕ್ರಿಯಾಪದಕ್ಕೆ ಎಸ್, ಉಚ್ಚಾರದಲ್ಲೂ ವ್ಯತ್ಯಾಸ ಕೇಳಿಸುತ್ತದೆ. ಲೈಸೆನ್ಸ್, ಪ್ರಾಕ್ಟೀಸ್‌ಗಳಲ್ಲಿ ಕೇಳಿಸುವುದಿಲ್ಲ, ಬರೆಯುವಾಗ ಮಾತ್ರ ಇದೆ. ಹಾಗಾಗಿ ವಾಹನ ಓಡಿಸಲು ಪಡೆಯುವ ಲೈಸೆನ್ಸ್ ಬ್ರಿಟಿಷ್ ಬರವಣಿಗೆಯಲ್ಲಿ ಸಿ, ಅದನ್ನು ಕೊಡುವ ಕ್ರಿಯೆ ಎಸ್. ಅಮೆರಿಕದವರು ಈ ಭೇದ ಇಟ್ಟುಕೊಂಡಿಲ್ಲ. ಲೈಸೆನ್ಸ್ ಎರಡು ಅರ್ಥಕ್ಕೂ ಎಸ್, ಪ್ರಾಕ್ಟೀಸ್ ಎರಡು ಅರ್ಥಕ್ಕೂ ಸಿ. ಒಂದಕ್ಕೆ ಎಸ್ ಮತ್ತೊಂದಕ್ಕೆ ಸಿ ಯಾಕೆ ಎಂದು ಕೇಳಿದರೆ ತರ್ಕದ ಉತ್ತರ ಸಿಗುವುದಿಲ್ಲ, ರೂಢಿ ಅಷ್ಟೇ. ಡಿಫೆನ್ಸ್, ಅಫೆನ್ಸ್‌ಗಳಲ್ಲಿ ಮಾತ್ರ ಅಮೆರಿಕದ ಎಸ್ ಪರವಾಗಿ ಒಳ್ಳೆಯ ವಾದವಿದೆ. 'ಡಿಫೆನ್ಸಿವ್', 'ಅಫೆನ್ಸಿವ್' ಪದಗಳನ್ನು ಬ್ರಿಟಿಷರೂ ಎಸ್‌ನಿಂದಲೇ ಬರೆಯುತ್ತಾರೆ.

ವೈದ್ಯಕೀಯ ಪದಗಳನ್ನು ಬೇಗ ಮುಗಿಸುತ್ತೇನೆ. ಅನೀಮಿಯಾ, ಪೀಡಿಯಾಟ್ರಿಕ್ಸ್, ಹೀಮೋಗ್ಲೋಬಿನ್‌ಗಳಲ್ಲಿ ಬ್ರಿಟಿಷರು ಎ-ಇ ಜೋಡಿ ಇಡುತ್ತಾರೆ, ಈಸ್ಟ್ರೋಜನ್, ಡಯೇರಿಯಾಗಳಲ್ಲಿ ಓ-ಇ ಜೋಡಿ. ಅಮೆರಿಕದವರು ಇ ಒಂದನ್ನೇ ಬರೆಯುತ್ತಾರೆ. 'ಫೀಟಸ್' ಮಾತ್ರ ಬೇರೆ. ಲ್ಯಾಟಿನ್ ಮೂಲದಲ್ಲಿ ಅದಕ್ಕೆ ಓ ಇರಲೇ ಇಲ್ಲ, ನಡುವೆ ತಪ್ಪಾಗಿ ಸೇರಿಕೊಂಡದ್ದು. ಬ್ರಿಟನ್ನಿನ ವೈದ್ಯಕೀಯ ಬರವಣಿಗೆಯಲ್ಲೂ ಈಗ ಓ ಇಲ್ಲದ ರೂಪವೇ ರೂಢಿ.

ಗುಂಪಿಗೆ ಸೇರದ ಬಿಡಿ ಪದಗಳಲ್ಲಿ ಬಹಳ ಸಲ ಅಮೆರಿಕನ್ ರೂಪವೇ ಹಳೆಯದು. 'ಪ್ರೋಗ್ರಾಂ' ಪದವನ್ನು ಇಂಗ್ಲೆಂಡಿನಲ್ಲಿ ಮೊದಲು ಒಂದೇ ಎಂ ಹಾಕಿ ಟೆಲಿಗ್ರಾಂ, ಡಯಾಗ್ರಾಂಗಳ ಹಾಗೆ ಬರೆಯುತ್ತಿದ್ದರು. ಎಂ-ಎಂ-ಇ ಬಾಲ ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚಿನಿಂದ ಬಂತು. ಕಂಪ್ಯೂಟರ್ ಪ್ರೋಗ್ರಾಂ ಆದರೆ ಬ್ರಿಟನ್ನಿನಲ್ಲೂ ಬಾಲ ಬೇಡ. ಬ್ಯಾಂಕಿನ 'ಚೆಕ್' ಪದಕ್ಕೆ ಕ್ಯು ಬಂದದ್ದು ಖಜಾನೆಗೆ ಇರುವ 'ಎಕ್ಸ್‌ಚೆಕರ್' ಪದದ ಪ್ರಭಾವದಿಂದ. ಗಾಡಿಯ 'ಟೈರ್' ಪದವನ್ನು ಬ್ರಿಟಿಷರು ಬಹುಕಾಲ ಐ ಅಕ್ಷರದಿಂದ ಬರೆದು, ಗಾಳಿ ತುಂಬುವ ಟೈರ್ ಬಂದ ಕಾಲದಲ್ಲಿ ಹಳೆಯ ವೈ ರೂಪಕ್ಕೆ ಮರಳಿದರು. ಅಮೆರಿಕ ಐನಲ್ಲೇ ಉಳಿಯಿತು.

ಅಲ್ಯುಮಿನಿಯಂ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲಿ ಉಚ್ಚಾರವೂ ಬೇರೆ. ಇಂಗ್ಲಿಷ್ ವಿಜ್ಞಾನಿ ಹಂಫ್ರಿ ಡೇವಿ 1808ರಲ್ಲಿ ಈ ಲೋಹಕ್ಕೆ 'ಅಲ್ಯುಮಿಯಂ' ಎಂದು ಹೆಸರಿಟ್ಟು, 1812ರ ಪುಸ್ತಕದಲ್ಲಿ 'ಅಲ್ಯುಮಿನಂ' ಎಂದು ಬದಲಿಸಿದರು. ಸೋಡಿಯಂ, ಪೊಟ್ಯಾಸಿಯಂಗಳ ಸಾಲಿಗೆ ಹೊಂದುವಂತೆ 'ಅಲ್ಯುಮಿನಿಯಂ' ಎನ್ನಿ ಎಂದು ಅದೇ ವರ್ಷ ಒಬ್ಬ ವಿಮರ್ಶಕರು ಬರೆದರು. ಬ್ರಿಟನ್ ವಿಮರ್ಶಕರ ಮಾತು ಕೇಳಿತು. ಡೇವಿ ಕೊಟ್ಟ ಹೆಸರು ಅಮೆರಿಕದಲ್ಲಿ ನಿಂತಿತು, 1925ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿ ಅದನ್ನೇ ಅಧಿಕೃತವಾಗಿ ಒಪ್ಪಿತು. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ 1990ರಲ್ಲಿ ಅಲ್ಯುಮಿನಿಯಂ ಎಂದು ನಿಗದಿ ಮಾಡಿ, 1993ರಲ್ಲಿ ಅಲ್ಯುಮಿನಂ ಕೂಡ ನಡೆಯುತ್ತದೆ ಎಂದಿತು. ಗಂಧಕದಲ್ಲಿ ಲೆಕ್ಕ ತಿರುಗುಮುರುಗು. 'ಸಲ್ಫರ್' ಪದಕ್ಕೆ ಅದೇ ಒಕ್ಕೂಟ ಪಿ-ಎಚ್ ಬಿಟ್ಟು ಎಫ್ ಆರಿಸಿತು, 1992ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಕೂಡ ಎಫ್ ಒಪ್ಪಿಕೊಂಡಿತು. ರಸಾಯನಶಾಸ್ತ್ರದ ಲೇಖನ ಬರೆಯುವವರು ಬ್ರಿಟಿಷ್ ಸ್ಪೆಲಿಂಗ್ ಬಳಸಿದರೂ ಗಂಧಕಕ್ಕೆ ಎಫ್ ಬರೆಯುವುದು ಸರಿ.

ಯಾವುದನ್ನು ಅನುಸರಿಸಲಿ ಎಂದು ಕೇಳಿದ್ದೀರಿ. ನಿಮ್ಮ ಬರಹ ಯಾರ ಕೈಗೆ ಹೋಗುತ್ತದೆಯೋ ಅವರ ಪದ್ಧತಿ ಮೊದಲು. ಪ್ರಕಾಶಕರು, ವಿಜ್ಞಾನ ಪತ್ರಿಕೆಗಳು, ದೊಡ್ಡ ಸಂಸ್ಥೆಗಳು ತಮ್ಮದೇ ಸ್ಪೆಲಿಂಗ್ ಸೂಚನೆ ಇಟ್ಟುಕೊಂಡಿರುತ್ತವೆ, ಕೇಳಿ ಪಡೆಯಿರಿ. ಅಂಥ ಸೂಚನೆ ಇಲ್ಲದಿದ್ದರೆ ನೀವು ಕಲಿತ ಬ್ರಿಟಿಷ್ ಸ್ಪೆಲಿಂಗ್ ಬಿಡಲು ಕಾರಣವೇ ಇಲ್ಲ. ಓದುವವರಿಗೆ ನಿಜವಾಗಿ ತೊಂದರೆ ಕೊಡುವುದು ಬೆರಕೆ. ಮೊದಲ ಪುಟದಲ್ಲಿ ಯು ಇರುವ ಕಲರ್, ಮೂರನೆಯ ಪುಟದಲ್ಲಿ ಯು ಇಲ್ಲದ ಫೇವರ್ ಬಂದರೆ ಬರೆದವರು ಗಮನ ಕೊಟ್ಟಿಲ್ಲ ಎಂದು ತಕ್ಷಣ ಗೊತ್ತಾಗುತ್ತದೆ. ಝಡ್ ವಿಷಯದಲ್ಲಿ, ಕಚೇರಿಯಲ್ಲಿ ಎಲ್ಲರೂ ಎಸ್ ಬರೆಯುತ್ತಿದ್ದರೆ ನೀವೂ ಎಸ್ ಬರೆಯಿರಿ. ಸಹೋದ್ಯೋಗಿ ಹೇಳಿದ ಕಾರಣ ತಪ್ಪು, ಅವರು ಮಾಡಿದ ತಿದ್ದುಪಡಿ ನಿಮ್ಮ ಕಚೇರಿಯ ಮಟ್ಟಿಗೆ ಸರಿಯಿರಬಹುದು.

ಎರಡನ್ನೂ ಬೆರೆಸಿ ತನ್ನದೇ ಪದ್ಧತಿ ಮಾಡಿಕೊಂಡ ದೇಶವೂ ಇದೆ. ಕೆನಡಾದಲ್ಲಿ ಕಲರ್‌ಗೆ ಯು ಇದೆ, ಸೆಂಟರ್ ಆರ್-ಇ ಎಂದು ಮುಗಿಯುತ್ತದೆ, ಆದರೆ ಟೈರ್‌ಗೆ ಐ, ಆರ್ಗನೈಸ್‌ಗೆ ಝಡ್. ಯು ಉಳಿಸಬೇಕೆಂದು 1890ರಲ್ಲಿ ಅಲ್ಲಿನ ಪ್ರಧಾನಿ ಜಾನ್ ಎ. ಮೆಕ್‌ಡೊನಾಲ್ಡ್ ಸರ್ಕಾರಿ ಆದೇಶವನ್ನೇ ಹೊರಡಿಸಿದ್ದರು. ಅಲ್ಲಿ ಅದು ಬೆರಕೆ ಅನ್ನಿಸುವುದಿಲ್ಲ, ಅದೇ ಅಲ್ಲಿನ ರೂಢಿ.

ಹೆಸರುಗಳನ್ನು ಮಾತ್ರ ಯಾವ ಪದ್ಧತಿಗೂ ತಿದ್ದಬೇಡಿ. ನೀವು ಬ್ರಿಟಿಷ್ ಸ್ಪೆಲಿಂಗ್ ಬಳಸುತ್ತಿದ್ದರೂ ಪರ್ಲ್ ಹಾರ್ಬರ್‌ಗೆ ಯು ಇಲ್ಲ, ವರ್ಲ್ಡ್ ಟ್ರೇಡ್ ಸೆಂಟರ್ ಇ-ಆರ್ ಎಂದೇ ಮುಗಿಯುತ್ತದೆ. ಅಬ್ರಹಾಂ ಲಿಂಕನ್‌ಗೆ ಗುಂಡು ತಗಲಿದ ವಾಷಿಂಗ್ಟನ್ನಿನ ಫೋರ್ಡ್ಸ್ ಥಿಯೇಟರ್ ಅಮೆರಿಕದಲ್ಲಿದ್ದರೂ ಆರ್-ಇ. ಆಸ್ಟ್ರೇಲಿಯಾದಲ್ಲಿ ಲೇಬರ್ ಪದಕ್ಕೆ ಯು ಹಾಕುತ್ತಾರೆ, ಆದರೆ ಅಲ್ಲಿನ ಲೇಬರ್ ಪಕ್ಷ 1912ರಿಂದ ತನ್ನ ಹೆಸರನ್ನು ಯು ಇಲ್ಲದೆ ಬರೆಯುತ್ತದೆ. ನಾಸಾದ ಎಂಡೆವರ್ ಬಾಹ್ಯಾಕಾಶ ನೌಕೆಗೆ ಯು ಇದೆ, ಯಾಕೆಂದರೆ ಆ ಹೆಸರು ಕ್ಯಾಪ್ಟನ್ ಜೇಮ್ಸ್ ಕುಕ್ ಅವರ ಬ್ರಿಟಿಷ್ ಹಡಗಿನದು. ಬೇರೆಯವರ ಮಾತನ್ನು ಉದ್ಧರಿಸುವಾಗಲೂ ಅವರು ಬರೆದ ಸ್ಪೆಲಿಂಗನ್ನೇ ಉಳಿಸಿ.

ಕಂಪ್ಯೂಟರಿಗೆ ಸಂಬಂಧಿಸಿದ ಎರಡು ವಿಷಯ ಉಳಿದಿವೆ. ವೆಬ್ ಪುಟಗಳ ವಿನ್ಯಾಸಕ್ಕೆ ಬಳಸುವ ಸಿಎಸ್ಎಸ್‌ನಲ್ಲಿ ಬಣ್ಣದ ಆಜ್ಞೆಗೆ ಯು ಇಲ್ಲದ ಕಲರ್ ಮಾತ್ರ ನಡೆಯುತ್ತದೆ. ಯು ಸೇರಿಸಿದರೆ ಬ್ರೌಸರ್ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ. ಬೂದು ಬಣ್ಣದ 'ಗ್ರೇ' ಪದವನ್ನು ಮಾತ್ರ ಎ ಅಕ್ಷರದಿಂದ ಬರೆದರೂ ಇ ಅಕ್ಷರದಿಂದ ಬರೆದರೂ ಒಪ್ಪುತ್ತದೆ. ಇನ್ನೊಂದು, ನಿಮ್ಮ ವರದಿಗೆ ಮಾಹಿತಿ ಹುಡುಕುವಾಗ 'ಬಿಹೇವಿಯರ್', 'ಟ್ಯೂಮರ್', 'ಅನೀಮಿಯಾ' ಥರದ ಪದಗಳನ್ನು ಎರಡೂ ಸ್ಪೆಲಿಂಗ್‌ನಲ್ಲಿ ಹಾಕಿ ನೋಡಿ. ಎಲ್ಲ ಹುಡುಕು ಯಂತ್ರಗಳೂ ಎರಡನ್ನೂ ಒಂದೇ ಎಂದು ತಿಳಿಯುವುದಿಲ್ಲ. ಒಂದನ್ನೇ ಹಾಕಿ ಹುಡುಕಿದರೆ ಇನ್ನೊಂದು ದೇಶದ ಒಳ್ಳೆಯ ಲೇಖನಗಳು ನಿಮ್ಮ ಕಣ್ಣಿಗೆ ಬೀಳದೆ ಹೋಗಬಹುದು.